ಸಹಾಯಕ್ಕೂ ಸ್ಟಾರ್ ಅಂಟಿಸಬೇಕಾ?

ಪುಟ್ಟಿಯಮ್ಮ, ಹಾಸನ

ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಲ್ಕು ತುಂಬುತ್ತಾ ಬಂತು, ಮಗನಿಗೆ ಒಂದೂಮುಕ್ಕಾಲು ವರ್ಷ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೊಂದು ಸ್ಟಾರ್ ಚಾರ್ಟ್ ಇದೆ. ಹಲ್ಲುಜ್ಜಿದರೆ ಒಂದು ಸ್ಟಾರ್, ತಟ್ಟೇಲಿ ಬಿಡದೆ ಊಟ ಮಾಡಿದರೆ ಒಂದು, ಹತ್ತು ಸೇರಿದರೆ ಭಾನುವಾರ ಐಸ್‌ಕ್ರೀಮ್. ಹಲ್ಲುಜ್ಜೋ ಜಗಳ ಇದರಿಂದ ನಿಂತಿದೆ, ಸುಳ್ಳು ಹೇಳಲ್ಲ.

ಈಗ ನಮ್ಮೆಜಮಾನರು ಅದಕ್ಕೆ 'ಸಹಾಯ' ಅಂತ ಹೊಸ ಸಾಲು ಸೇರಿಸೋಣ ಅಂತಿದಾರೆ. ಅಜ್ಜಿಗೆ ಕನ್ನಡಕ ತಂದುಕೊಟ್ಟರೆ, ಚಪ್ಪಲಿ ಜೋಡಿಸಿಟ್ಟರೆ, ತಮ್ಮನಿಗೆ ಆಟದ ಸಾಮಾನು ಬಿಟ್ಟುಕೊಟ್ಟರೆ ಸ್ಟಾರ್. ನಮ್ಮತ್ತೆ ಕೇಳಿ "ಮನೆಯವರಿಗೆ ಒಂದು ಲೋಟ ನೀರು ಕೊಡೋಕೂ ಲಂಚವಾ?" ಅಂದರು. ಹಾಗಂತ ಅವರ ದಾರಿಯೂ ನನಗೆ ಒಪ್ಪಿಗೆಯಿಲ್ಲ. ಕೆಟ್ಟದು ಮಾಡಿದರೆ ದೇವರು ಕಣ್ಣು ಚುಚ್ಚುತ್ತಾನೆ ಅನ್ನೋದು ಅವರ ಪಾಠ.

ನನಗೆ ಬಗೆಹರಿಯದ ವಿಷಯ ಏನಂದರೆ, ಚಿಕ್ಕವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಮಹಡಿ ಮೇಲೆ ಬಟ್ಟೆ ಹರವೋವಾಗ ನನ್ನ ಕೈಯಿಂದ ಕ್ಲಿಪ್ ಬಿದ್ದರೆ ಓಡಿ ಬಂದು ಎತ್ತಿಕೊಡ್ತಾನೆ. ಪೊರಕೆ ಹಿಡಿದರೆ ತಾನೇ ಗುಡಿಸಬೇಕು ಅಂತ ಕಿತ್ಕೋತಾನೆ. ಆ ವಯಸ್ಸಲ್ಲಿ ದೊಡ್ಡವಳೂ ಹೀಗೇ ಇದ್ದಳು. ಈಗ ಅವಳಿಗೆ 'ಹಂಚ್ಕೊಂಡು ತಿನ್ನಬೇಕು' ಅನ್ನೋದು ಬಾಯಿಪಾಠ. ಪಕ್ಕದ ಮನೆ ಹುಡುಗನಿಗೂ ಬುದ್ಧಿ ಹೇಳ್ತಾಳೆ. ತನ್ನ ಬಿಸ್ಕತ್ತನ್ನ ಮಾತ್ರ ದಿಂಬಿನ ಕೆಳಗೆ ಬಚ್ಚಿಡ್ತಾಳೆ.

ಇನ್ನೊಂದು. ಮೊನ್ನೆ ನಮ್ಮ ನಾದಿನಿ ಮಗ ಬೇಕೂಂತಲೇ ಅರ್ಧ ಲೋಟ ಹಾಲು ನೆಲಕ್ಕೆ ಸುರಿದ. ಅದೇ ಸಂಜೆ ಚಿಕ್ಕವನು ಗೊತ್ತಿಲ್ಲದೆ ಕಾಲು ತಗುಲಿಸಿ ದೋಸೆ ಹಿಟ್ಟಿನ ಪಾತ್ರೆಯನ್ನೇ ಉರುಳಿಸಿದ. ಯಾರದು ಜಾಸ್ತಿ ತಪ್ಪು ಅಂತ ಕೇಳಿದರೆ ಮಗಳು ಯೋಚನೆಯೇ ಮಾಡದೆ "ತಮ್ಮಂದು" ಅಂದಳು.

ಒಳ್ಳೇತನ ಅನ್ನೋದು ಹುಟ್ಟಿನಿಂದ ಬರುತ್ತಾ, ನಾವು ಕಲಿಸಬೇಕಾ? ಕಲಿಸೋದಾದರೆ ಹೇಗೆ? ಪುಸ್ತಕದ ಮಾತಾದರೂ ಸರಿ, ಅನುಭವದ್ದಾದರೂ ಸರಿ.

ಧಾರವಾಡದಾಂವ

ಚಾರ್ಟು ಗೀರ್ಟು ಏನೂ ಬ್ಯಾಡ್ರಿ ಅಕ್ಕಾರ. ನಮ್ಮವ್ವ ರೊಟ್ಟಿ ಬಡಿಯಾಕ ಕುಂತ್ಲಂದ್ರ ನನ್ನ ಮಗಳಿಗೂ ಒಂದು ಸಣ್ಣ ಹಿಟ್ಟಿನ ಉಂಡಿ ಕೊಟ್ಟು ಬಾಜೂಕ ಕುಂದ್ರಿಸಿಕೊಂತಾಳ. ಆಕಿ ಬಡದದ್ದು ಯಾವ ದೇಶದ ನಕಾಶೆ ಅಂತ ಹೇಳಾಕ ಬರೂದಿಲ್ಲ. ಆದ್ರೂ ಅದನ್ನ ಹಂಚಿನ ಮ್ಯಾಲೆ ಬೇಯಿಸಿ ನನ್ನ ತಾಟಿಗೇ ಹಾಕ್ತಾರ, ನಾನು ತಿನ್ನಾಕಬೇಕು. ಅರ್ಧ ಹಸಿ, ಅರ್ಧ ಕರಕ. ಈಗ ಐದು ವರ್ಷ ಆಗೇದ, ಹೇಳದನ ಪರಾತ ತಂದು ಇಡ್ತಾಳ. ಇಷ್ಟ ನನಗ ಗೊತ್ತಿರೋದು. ಉಳಿದದ್ದು ಶಾಣ್ಯಾರು ಹೇಳ್ಲಿ.

ಪ್ಲೇಹೋಮ್ ಟೀಚರ್

ನಾನು ಸ್ಟಾರ್ ಪರ. ಮನೇಲಿ ಒಂದೆರಡು ಮಕ್ಕಳನ್ನ ಇಟ್ಕೊಂಡು ಮಾತಾಡೋದು ಸುಲಭ. ಇಪ್ಪತ್ತು ಚಿಲ್ಲರೆ ಮಕ್ಕಳು, ಒಬ್ಬ ಆಯಾ, ಹನ್ನೆರಡು ಗಂಟೆಗೆ ವ್ಯಾನ್ ಬಂದು ನಿಂತಿರುತ್ತೆ. ಅಷ್ಟರಲ್ಲಿ ಬ್ಲಾಕ್ಸ್ ಎಲ್ಲಾ ಡಬ್ಬಿ ಸೇರಬೇಕು. ಕೈ ಮೇಲೊಂದು ಸ್ಮೈಲಿ ಸ್ಟಿಕ್ಕರ್ ಅಂದರೆ ಎರಡು ನಿಮಿಷದ ಕೆಲಸ. ಮೊದಲು ಸ್ಟಾರ್‌ಗೆ ಮಾಡಲಿ, ಆಮೇಲೆ ಅಭ್ಯಾಸ ಆಗುತ್ತೆ. ದೊಡ್ಡವರು ಸಂಬಳಕ್ಕೆ ಕೆಲಸ ಮಾಡೋದಿಲ್ವಾ?

ನಿವೃತ್ತ ಮೇಲ್ವಿಚಾರಕಿ, ಮೈಸೂರು

ಇಲ್ಲಿ ಓದೋದು ಜಾಸ್ತಿ, ಬರೆಯೋದು ಅಪರೂಪ. ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತಿಯಾದವಳು ನಾನು. ಹೆಚ್ಚು ವರ್ಷ ಇದ್ದದ್ದು ಟಿ. ನರಸೀಪುರ ತಾಲ್ಲೂಕಿನಲ್ಲಿ. 1975ರಲ್ಲಿ ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಯೋಜನೆ ಶುರುವಾದಾಗ ರಾಜ್ಯದ ಮೊದಲ ಪ್ರಾಜೆಕ್ಟು ಬಂದದ್ದು ಅಲ್ಲಿಗೇ ಅನ್ನೋ ಜಂಬ ಆ ಕಡೆಯ ಹಳೇ ಟೀಚರುಗಳಿಗೆಲ್ಲಾ ಇದೆ, ನನಗೂ ಇದೆ. ಎಂ.ಎಸ್ಸಿ.ಯಲ್ಲಿ ಓದಿದ್ದು ಮಕ್ಕಳ ಬೆಳವಣಿಗೆ, ಹಾಗಾಗಿ ಈ ವಿಷಯದ ಲೇಖನ ಹುಡುಕಿ ಓದೋ ಚಟ ಹೋಗಿಲ್ಲ. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಪುಟ್ಟಿಯಮ್ಮ, ನಿಮ್ಮ ಮಗ ಎತ್ತಿಕೊಡೋ ಬಟ್ಟೆ ಕ್ಲಿಪ್ಪನ್ನೇ ಇಟ್ಕೊಂಡು ಜರ್ಮನಿಯಲ್ಲಿ ಪ್ರಯೋಗ ಮಾಡಿದಾರೆ. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೀಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ್ದು. ಹದಿನೆಂಟು ತಿಂಗಳ 24 ಮಕ್ಕಳು. ಗುರುತಿಲ್ಲದ ಒಬ್ಬ ದೊಡ್ಡವನು ಹಗ್ಗದ ಮೇಲೆ ಬಟ್ಟೆ ಹಾಕ್ತಾ ಕ್ಲಿಪ್ ಬೀಳಿಸಿಕೊಂಡು ಕೈ ಚಾಚ್ತಾನೆ, ಎಟುಕೋದಿಲ್ಲ. ಇನ್ನೊಂದು ಸಲ ಎರಡೂ ಕೈಲಿ ಪತ್ರಿಕೆಗಳ ಕಟ್ಟು ಹಿಡ್ಕೊಂಡು ಮುಚ್ಚಿದ ಬೀರುವಿಗೆ ಹೋಗಿ ತಗುಲಿಕೊಳ್ತಾನೆ. ಮಗುವನ್ನ ಸಹಾಯ ಮಾಡು ಅಂತ ಕೇಳೋದಿಲ್ಲ. ಮಾಡಿದ ಮೇಲೆ ಶಹಭಾಸ್ ಅನ್ನೋದೂ ಇಲ್ಲ. ಆದರೂ 24ರಲ್ಲಿ 22 ಮಕ್ಕಳು ಒಂದಲ್ಲ ಒಂದು ಕೆಲಸದಲ್ಲಿ ಎದ್ದು ಬಂದು ಕೈಜೋಡಿಸಿದವು. ಅದೇ ಕ್ಲಿಪ್ಪನ್ನ ಅವನು ಬೇಕೂಂತ ಎಸೆದಾಗ ಮಾತ್ರ ಮಕ್ಕಳು ಅಷ್ಟಾಗಿ ಎತ್ತಿಕೊಡಲಿಲ್ಲ. ಈ ಭಾಗ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಕೂತಿದ್ದೆ. 'ಇವನಿಗೆ ಅದು ಬೇಕು, ಸಿಗ್ತಾ ಇಲ್ಲ' ಅನ್ನೋದನ್ನ ನಾಲ್ಕು ಮಾತು ನೆಟ್ಟಗೆ ಆಡೋಕೆ ಬಾರದ ಮಗು ಗ್ರಹಿಸ್ತಿದೆ.

ಅದೇ ಗುಂಪಿನವರು 2012ರಲ್ಲಿ ಮಕ್ಕಳ ಕಣ್ಣಿನ ಪಾಪೆ ಅಳೆದರು. ಯಾರಾದರೂ ಕಷ್ಟದಲ್ಲಿದ್ದರೆ ಎರಡು ವರ್ಷದ ಮಗುವಿನ ಪಾಪೆ ಹಿಗ್ಗುತ್ತೆ, ಅಂದರೆ ಒಳಗೆ ಏನೋ ಕಳವಳ. ತಾನೇ ಸಹಾಯ ಮಾಡಿದರೆ ಅದು ಇಳಿಯುತ್ತೆ. ಬೇರೆ ಯಾರೋ ಬಂದು ಸಹಾಯ ಮಾಡಿದರೂ ಅಷ್ಟೇ ಇಳಿಯುತ್ತೆ. ಹೆಸರು ಯಾರಿಗೆ ಬಂತು ಅನ್ನೋ ಲೆಕ್ಕ ಆ ವಯಸ್ಸಲ್ಲಿ ಇದ್ದಂತಿಲ್ಲ. ಈ ಲೆಕ್ಕ ಕಲಿಸೋರು ನಾವು.

ಈಗ ಸ್ಟಾರ್ ವಿಷಯ. ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ ನಿಮ್ಮ ಯಜಮಾನರ ಯೋಜನೆಯನ್ನೇ ಪರೀಕ್ಷೆಗೆ ಇಟ್ಟರು ಅನ್ನಬಹುದು. ಇಪ್ಪತ್ತು ತಿಂಗಳ ಮಕ್ಕಳನ್ನ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಹಾಯ ಮಾಡಿದ ಪ್ರತಿ ಸಲ ದಾಳದಂಥ ಒಂದು ತುಂಡು. ಅದನ್ನ ಒಂದು ಆಟಿಕೆಯೊಳಗೆ ಹಾಕಿದರೆ ಝಣ್ ಅಂತ ಸದ್ದು ಬರುತ್ತೆ, ಮಕ್ಕಳಿಗೆ ಬಲು ಇಷ್ಟ. ಇನ್ನೊಂದು ಗುಂಪಿಗೆ ಬರೀ ಮೆಚ್ಚುಗೆ ಮಾತು. ಮೂರನೇದಕ್ಕೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಎಲ್ಲಾ ನಿಲ್ಲಿಸಿಬಿಟ್ಟರು. ಆ ತುಂಡು ಪಡೆದಿದ್ದ ಮಕ್ಕಳು ಆಮೇಲೆ ಉಳಿದೆರಡು ಗುಂಪಿನವರಿಗಿಂತ ಸ್ಪಷ್ಟವಾಗಿ ಕಡಿಮೆ ಸಹಾಯ ಮಾಡಿದವು. ಏನೂ ಸಿಗದೆ ಇದ್ದವರು ಮೊದಲಿನ ಹಾಗೇ ಮಾಡ್ತಾ ಇದ್ದರು. ಮೆಚ್ಚುಗೆ ಮಾತಿನಿಂದಲೂ ಹಾನಿ ಕಾಣಲಿಲ್ಲ. ಹಾಗಾಗಿ "ಬಂಗಾರ, ನನಗೆ ಎಷ್ಟು ಸುಲಭ ಆಯ್ತು ನೋಡು" ಅನ್ನೋದಕ್ಕೆ ಜಿಪುಣತನ ಬೇಡ.

ಪ್ಲೇಹೋಮ್ ಟೀಚರ್ ಅವರೇ, ನಿಮ್ಮ ವ್ಯಾನಿನ ಕಷ್ಟ ನನಗೆ ಗೊತ್ತು. ನಮ್ಮಲ್ಲಿ ವ್ಯಾನ್ ಇರಲಿಲ್ಲ, ತೂಕದ ರಿಜಿಸ್ಟರು ಇತ್ತು. ಆದರೆ 'ಆಮೇಲೆ ಅಭ್ಯಾಸ ಆಗುತ್ತೆ' ಅನ್ನೋದನ್ನ ಒಪ್ಪೋಕೆ ಆಗಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ನರ್ಸರಿಯಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಚಿತ್ರ ಬರೆಯೋದನ್ನ ಮೊದಲೇ ಇಷ್ಟಪಡ್ತಿದ್ದ ಮಕ್ಕಳಿಗೆ "ಬರೆದರೆ ರಿಬ್ಬನ್ ಹಾಕಿದ ಸರ್ಟಿಫಿಕೇಟ್ ಕೊಡ್ತೀವಿ" ಅಂದರು, ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯೋ ಹೊತ್ತು ಬೇರೆಯವರ ಅರ್ಧದಷ್ಟಾಗಿತ್ತು. ಇಷ್ಟದ ಕೆಲಸ ಕೂಲಿ ಕೆಲಸವಾಯ್ತು. ಹಲ್ಲುಜ್ಜೋದಕ್ಕೆ ಈ ಭಯ ಇಲ್ಲ, ಯಾಕಂದರೆ ಅದರಲ್ಲಿ ಮಗುವಿಗೆ ಇಷ್ಟ ಅನ್ನೋದು ಮೊದಲಿಗೇ ಇರಲಿಲ್ಲ, ಕಳ್ಕೊಳ್ಳೋದೇನು? ಬ್ಲಾಕ್ಸ್ ಡಬ್ಬಿಗೆ ತುಂಬೋದೂ ಹೆಚ್ಚು ಕಡಿಮೆ ಹಾಗೇ ಅಂತ ಬೇಕಾದರೆ ವಾದ ಮಾಡಿ, ನಾನು ಸೋಲ್ತೀನಿ. ಅಜ್ಜಿಯ ಕನ್ನಡಕದ ವಿಷಯದಲ್ಲಿ ಸೋಲಲ್ಲ.

ಧಾರವಾಡದವರು ಒಂದು ರೊಟ್ಟಿಯಲ್ಲಿ ಹೇಳಿದ್ದನ್ನ ನಾನು ಇಷ್ಟು ಸುತ್ತಿ ಹೇಳ್ತಿದೀನಿ. ಬಾರ್ಬರಾ ರೋಗಾಫ್ ಅನ್ನೋ ಸಂಶೋಧಕಿ ಮತ್ತವರ ಜೊತೆಗಾರರು ಮೆಕ್ಸಿಕೋದಲ್ಲಿ ಎರಡು ಬಗೆಯ ಮನೆಗಳನ್ನ ಹೋಲಿಸಿದಾರೆ. ಮೂಲನಿವಾಸಿ ಹಿನ್ನೆಲೆಯ ತಾಯಂದಿರು ಪುಟ್ಟ ಮಗು ಕೆಲಸಕ್ಕೆ ನುಗ್ಗಿದರೆ, ಕೆಲಸ ಕೆಟ್ಟರೂ, ಸೇರಿಸ್ಕೋತಾರೆ. ಓದಿದ ಪೇಟೆ ಮನೆಗಳಲ್ಲಿ "ನೀನು ಆಟ ಆಡ್ಕೋ, ಅಮ್ಮ ಬೇಗ ಮುಗಿಸಿ ಬರ್ತೀನಿ". ಮಕ್ಕಳು ಶಾಲೆ ವಯಸ್ಸಿಗೆ ಬಂದಾಗ ಮೊದಲನೇ ಬಗೆಯ ಮನೆಗಳಲ್ಲಿ ಹೇಳದೆಯೇ ಮನೆ ಕೆಲಸಕ್ಕೆ ಏಳೋ ಮಕ್ಕಳು ಜಾಸ್ತಿ. ಎರಡನೇದರಲ್ಲಿ ಸ್ವಂತ ಹಾಸಿಗೆ ಮಡಿಚೋಕೂ ಚೌಕಾಸಿ.

ನಮ್ಮಲ್ಲಿ ಅವರೆಕಾಯಿ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ನೆನೆಸಿದ ಕಾಳು ಹಿತುಕೋದು ಮೂರು ವರ್ಷದ ಬೆರಳಿಗೆ ಬರುತ್ತೆ, ಪುಸಕ್ ಅಂತ ಬೇಳೆ ಹಾರಿದರೆ ನಗು ಬೇರೆ. ಅರ್ಧ ಮಂಚದ ಕೆಳಗೆ ಹೋಗುತ್ತೆ, ಹೋಗಲಿ. ಆ ಸಾರನ್ನ ಬಡಿಸೋವಾಗ "ಈ ಕಾಳು ಪುಟ್ಟಿ ಹಿತುಕಿದ್ದು" ಅನ್ನಿ, ಅಷ್ಟು ಸಾಕು. ನಿಮ್ಮ ಚಿಕ್ಕವನು ಪೊರಕೆ ಕೇಳೋವಾಗ ಕೈಗೆ ಒಂದು ಮೋಟು ಪೊರಕೆ ಕೊಟ್ಟುಬಿಡಿ. ಈಗ ಅವನು ಗುಡಿಸಿದ ಜಾಗ ನೀವು ಮತ್ತೆ ಗುಡಿಸಬೇಕು. ಅವನ ಎದುರಿಗೆ ಗುಡಿಸಬೇಡಿ.

ಒಂದು ಮಾತು ಸಿಟ್ಟಿನಿಂದಲೇ ಹೇಳ್ತೀನಿ. ಅವನಿಗೆ ನಾಲ್ಕಾದ ಮೇಲೂ ಪೊರಕೆ ಅವನ ಕೈಲೇ ಇರಲಿ. ನಾನು ಕಂಡ ಊರುಗಳಲ್ಲಿ ಒಂದೂಮುಕ್ಕಾಲು ವರ್ಷಕ್ಕೆ ಗಂಡು ಹೆಣ್ಣು ಎರಡೂ ಮಕ್ಕಳು ಒಂದೇ ಸಮ ಓಡಿ ಬರ್ತಾರೆ. ಐದಕ್ಕೆ ನೋಡಿದರೆ ಹುಡುಗಿ ತಂಗಿಯನ್ನ ಸೊಂಟದ ಮೇಲೆ ಹೊತ್ಕೊಂಡು ಅಂಗನವಾಡಿಗೆ ಬರ್ತಾಳೆ, ಹುಡುಗ ಕೈಬೀಸ್ಕೊಂಡು ಬರ್ತಾನೆ. ಹುಡುಗನಿಗೆ ಒಳ್ಳೇತನ ಕಡಿಮೆ ಹುಟ್ಟಿರಲಿಲ್ಲ. "ನೀನ್ಯಾಕೋ ಮುಸುರೆ ಮುಟ್ತೀಯಾ, ಅಕ್ಕ ಮಾಡ್ತಾಳೆ ಬಿಡು" ಅಂತ ನಾವು ಅಟ್ಟಿದ್ದು.

ಬಿಸ್ಕತ್ತು ಬಚ್ಚಿಡೋದು ಕಪಟ ಅಂತ ತಿಳ್ಕೋಬೇಡಿ. ಕ್ಲಿಪ್ ಎತ್ತಿಕೊಟ್ಟರೆ ಮಗುವಿನ ಗಂಟೇನೂ ಹೋಗಲ್ಲ. ಬಿಸ್ಕತ್ತು ಕೊಟ್ಟರೆ ಹೋಗುತ್ತೆ. ಕ್ರೇಗ್ ಸ್ಮಿತ್, ಪೀಟರ್ ಬ್ಲೇಕ್, ಪಾಲ್ ಹ್ಯಾರಿಸ್ ಅನ್ನೋರು 2013ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟು ನೋಡಿದರು. ಎಷ್ಟು ಹಂಚಬೇಕು ಅಂತ ಕೇಳಿದರೆ ಮೂರು ವರ್ಷದವರೂ ಸಮಸಮ ಅಂದರು. ಕೊಡೋವಾಗ ಚಿಕ್ಕವರು ಕಡಿಮೆ ಕೊಟ್ಟರು. ಏಳೆಂಟು ವರ್ಷದ ಹೊತ್ತಿಗೆ ಮಾತು ಕೈ ಒಂದಾಯ್ತು. ಇನ್ನೂ ಒಂದಿದೆ: "ನೀನು ಎಷ್ಟು ಕೊಡ್ತೀಯ?" ಅಂತ ಮೊದಲೇ ಕೇಳಿದರೆ ಚಿಕ್ಕವರು ತಾವು ಜಾಸ್ತಿ ಇಟ್ಕೋತೀವಿ ಅಂತ ನಿಜವನ್ನೇ ಹೇಳಿದರು. ಇಷ್ಟು ಪ್ರಾಮಾಣಿಕತೆ ನಮ್ಮ ತಾಲ್ಲೂಕು ಪಂಚಾಯ್ತಿ ಸಭೆಯಲ್ಲಿ ನಾನು ಕಂಡಿಲ್ಲ.

ಲೆಕ್ಕದ ಮೇಷ್ಟ್ರು

ಮೇಡಂ, ಚೆನ್ನಾಗಿ ಬರೆದಿದೀರಿ, ಆದರೆ ಒಂದು ಅನುಮಾನ. ಕೂಸುಗಳಿಗೇ ನೀತಿ ಗೊತ್ತು ಅಂತ ಹಿಂದೆ ಒಂದು ಪ್ರಯೋಗ ಬಹಳ ಪ್ರಸಿದ್ಧವಾಗಿತ್ತು. ಯೇಲ್ ವಿಶ್ವವಿದ್ಯಾಲಯದ್ದು, 2007. ಕಣ್ಣು ಅಂಟಿಸಿದ ಮರದ ತುಂಡೊಂದು ಗುಡ್ಡ ಹತ್ತೋಕೆ ನೋಡುತ್ತೆ, ಒಂದು ತುಂಡು ಕೆಳಗಿಂದ ನೂಕಿ ನೆರವಾಗುತ್ತೆ, ಇನ್ನೊಂದು ಮೇಲಿಂದ ತಳ್ಳುತ್ತೆ. ಆರು ತಿಂಗಳ, ಹತ್ತು ತಿಂಗಳ ಕೂಸುಗಳು ಹೆಚ್ಚಾಗಿ ನೆರವಾದ ತುಂಡನ್ನೇ ಆರಿಸಿಕೊಂಡವು ಅಂತ. ಆಮೇಲೆ 37 ಪ್ರಯೋಗಾಲಯಗಳು ಸೇರಿ ಅದನ್ನೇ ದೊಡ್ಡದಾಗಿ ಮತ್ತೆ ಮಾಡಿದಾಗ ಅರ್ಧಕ್ಕರ್ಧ ಬಂತು, ನಾಣ್ಯ ಚಿಮ್ಮಿದ ಹಾಗೆ. 24 ಮಕ್ಕಳ ಲೆಕ್ಕ ಇಟ್ಕೊಂಡು ಹಾಸನದ ಮನೆಗೆ ತೀರ್ಮಾನ ಹೇಳಬಹುದಾ? ಅದೂ ಎಲ್ಲಾ ಜರ್ಮನಿ, ಅಮೆರಿಕದ ಮಕ್ಕಳು.

ನಿವೃತ್ತ ಮೇಲ್ವಿಚಾರಕಿ, ಮೈಸೂರು

ಮೇಷ್ಟ್ರೇ, ಆ ಗುಡ್ಡದ ಪ್ರಯೋಗವನ್ನ ನಾನು ಎತ್ತದೆ ಇದ್ದದ್ದು ಅದಕ್ಕೇ. ಆರು ತಿಂಗಳ ಕೂಸು ನ್ಯಾಯಾಧೀಶ ಅಂತ ನನಗೆ ಎಂದೂ ಅನಿಸಿಲ್ಲ. ಕೈಗೆ ಹತ್ತಿರ ಇರೋದನ್ನ ಬಾಯಿಗೆ ಹಾಕ್ಕೊಳ್ಳುತ್ತೆ, ಅಷ್ಟೇ ನಾನು ನೋಡಿರೋದು. ಒಂದೂವರೆ ವರ್ಷದ ಮೇಲಿನ ಸಹಾಯದ ವಿಷಯ ಬೇರೆ. ಅದು ಹಲವು ಕಡೆ ಸಿಕ್ಕಿದೆ. 2011ರಲ್ಲಿ ತಾರಾ ಕ್ಯಾಲಹಾನ್ ಮತ್ತು ಜೊತೆಯವರು ಕೆನಡಾ, ಪೆರು, ಭಾರತದ ಹಳ್ಳಿ, ಮೂರೂ ಕಡೆ ನೋಡಿದಾರೆ. ಈ ಬಗೆಯ ಸಹಾಯ ಮೂರೂ ಕಡೆ ಹೆಚ್ಚು ಕಡಿಮೆ ಒಂದೇ ವಯಸ್ಸಿಗೆ ಕಾಣಿಸ್ಕೊಂಡಿದೆ. ಬಹುಮಾನದ ಪ್ರಯೋಗ ಚಿಕ್ಕದು ಅನ್ನೋದು ನಿಜ. ಆದರೆ ಹಾಗೇ ನಡೀತಿರೋ ಕೆಲಸಕ್ಕೆ ಕೂಲಿ ಯಾಕೆ ಶುರು ಮಾಡಬೇಕು? ಸಾಬೀತು ಮಾಡಬೇಕಾದ ಭಾರ ಚಾರ್ಟ್ ಅಂಟಿಸೋರ ಮೇಲಿದೆ.

ಊರಿಂದ ಊರಿಗೆ ಬದಲಾಗೋದು ಆಮೇಲಿನದು. 2015ರಲ್ಲಿ ಏಳು ದೇಶಗಳ ಮಕ್ಕಳ ಮೇಲೆ ಒಂದು ಅಧ್ಯಯನ ಬಂತು, ಭಾರತವೂ ಇತ್ತು. ಎದುರುಬದುರು ಇಬ್ಬರು ಮಕ್ಕಳು, ಮಧ್ಯೆ ಮಿಠಾಯಿ, ಒಬ್ಬರ ಕೈಲಿ ಹಿಡಿಕೆ. ಒಂದು ಕಡೆ ಎಳೆದರೆ ಇಬ್ಬರಿಗೂ ಸಿಗುತ್ತೆ, ಇನ್ನೊಂದು ಕಡೆ ಎಳೆದರೆ ಇಬ್ಬರಿಗೂ ಇಲ್ಲ. ತನಗೆ ಕಡಿಮೆ, ಎದುರಿನವನಿಗೆ ಜಾಸ್ತಿ ಬಂದರೆ "ಇಬ್ಬರಿಗೂ ಬೇಡ" ಅನ್ನೋದು ಏಳೂ ಕಡೆ ಬಂತು. ಮೊಟ್ಟೆ ಕೊಡೋ ದಿನ ಅಂಗನವಾಡಿಗೆ ಬಂದು ಕೂತರೆ ಈ ಪ್ರಯೋಗ ಬೇಕಾಗಿಲ್ಲ. ಪಕ್ಕದವನ ಮೊಟ್ಟೆ ದಪ್ಪ ಅಂತ ತನ್ನದನ್ನೇ ತಟ್ಟೆಯಿಂದ ನೂಕಿದ ಮಕ್ಕಳನ್ನ ನೋಡಿದೀನಿ. ತನಗೇ ಜಾಸ್ತಿ ಬಂದಾಗಲೂ "ಇದು ಸರಿಯಲ್ಲ, ಬೇಡ" ಅನ್ನೋದು ಮಾತ್ರ ಅಮೆರಿಕ, ಕೆನಡಾ, ಉಗಾಂಡದ ದೊಡ್ಡ ಮಕ್ಕಳಲ್ಲಷ್ಟೇ ಕಂಡಿತು.

ಇದನ್ನ ಓದಿ ನಮ್ಮ ಮಕ್ಕಳು ಕಡಿಮೆ ಅಂತ ಯಾರೂ ತಲೆ ತಗ್ಗಿಸಬೇಕಾಗಿಲ್ಲ, ಯಾಕಂದರೆ ಇನ್ನೊಂದು ಅಧ್ಯಯನ ನಮ್ಮ ಮೈಸೂರಿನಲ್ಲೇ ಆಗಿದೆ. ಜೋನ್ ಮಿಲ್ಲರ್ ಅನ್ನೋ ಮನೋವಿಜ್ಞಾನಿ ಮೈಸೂರಿನವರನ್ನ ಮತ್ತು ಅಮೆರಿಕದ ನ್ಯೂಹೇವನ್‌ನವರನ್ನ ಹೋಲಿಸಿ 1990ರಲ್ಲಿ ಬರೆದದ್ದು. ಶಾಲಾ ಮಕ್ಕಳೂ ಇದ್ದರು, ದೊಡ್ಡವರೂ ಇದ್ದರು. ಒಬ್ಬರಿಗೆ ಸಹಾಯ ಬೇಕು, ಇನ್ನೊಬ್ಬರು ಮಾಡಲಿಲ್ಲ ಅನ್ನೋ ಕತೆಗಳು. ಬೇಕಾದವರು ಒಮ್ಮೆ ಮಗು, ಒಮ್ಮೆ ಸ್ನೇಹಿತ, ಒಮ್ಮೆ ಗುರುತಿಲ್ಲದವರು. ಅಗತ್ಯವೂ ಒಮ್ಮೆ ಪ್ರಾಣ ಹೋಗೋವಂಥದ್ದು, ಒಮ್ಮೆ ಸಣ್ಣದು. ಪ್ರಾಣದ ಪ್ರಶ್ನೆ ಬಂದಾಗ ಎರಡೂ ಊರಿನವರು ಮಾಡಲೇಬೇಕು ಅಂದರು. ಸ್ನೇಹಿತರ, ಅಪರಿಚಿತರ ಸಣ್ಣ ಅಗತ್ಯಕ್ಕೆ ಬಂದಾಗ ನ್ಯೂಹೇವನ್‌ನವರು ಅದು ಅವರವರ ಇಷ್ಟ ಅಂದರು, ಮೈಸೂರಿನವರು ಅಲ್ಲೂ ಕರ್ತವ್ಯ ಅಂದರು. ನಮ್ಮ ಮಕ್ಕಳು 'ಮಾಡಬೇಕು' ಅನ್ನೋ ಗಾಳಿಯಲ್ಲೇ ಬೆಳೀತಾರೆ. ಅಲ್ಲಿಗೆ ಸ್ಟಾರ್ ತಂದರೆ 'ಮಾಡಬೇಕು' ಹೋಗಿ 'ಎಷ್ಟು ಕೊಡ್ತೀರಿ' ಬರುತ್ತೆ ಅನ್ನೋದು ನಿಮ್ಮತ್ತೆಯವರ ತಕರಾರು, ಪುಟ್ಟಿಯಮ್ಮ. ಲಂಚ ಅಂದದ್ದು ಖಾರವಾಯ್ತು, ಆದರೆ ಹೆಂಗಸು ಸರಿಯಾದ ಜಾಗಕ್ಕೇ ಕೈಹಾಕಿದಾರೆ.

ಪುಟ್ಟಿಯಮ್ಮ, ಹಾಸನ

ಮೇಡಂ, ಲಂಚದ ಮಾತನ್ನ ಅತ್ತೆಗೆ ಓದಿ ಹೇಳಿದೆ. ಇಡೀ ದಿನ ಬೀಗ್ತಾ ಇದ್ದರು. ದೇವರು ಕಣ್ಣು ಚುಚ್ಚೋ ವಿಷಯದಲ್ಲೂ ಅವರದೇ ಸರಿ ಅಂದುಬಿಡಬೇಡಿ, ದಮ್ಮಯ್ಯ. ದೋಸೆ ಹಿಟ್ಟಿನ ತೀರ್ಪಿಗೆ ನೀವಿನ್ನೂ ಏನೂ ಹೇಳಿಲ್ಲ. ನಮ್ಮೆಜಮಾನರು ಬೇರೆ "ಹಾಗಾದರೆ ನಾನು ಮಕ್ಕಳಿಗೆ ಏನೂ ಕೊಡಿಸಲೇಬಾರದಾ?" ಅಂತ ಮುಖ ಊದಿಸ್ಕೊಂಡಿದಾರೆ.

ನಿವೃತ್ತ ಮೇಲ್ವಿಚಾರಕಿ, ಮೈಸೂರು

ಹಿಟ್ಟಿನ ತೀರ್ಪು ಮೊದಲು. ನಿಮ್ಮ ಮಗಳು ಕೊಟ್ಟದ್ದು ಬಹಳ ಹಳೇ ತೀರ್ಪು, ಸ್ವಿಟ್ಜರ್ಲೆಂಡಿನ ಮಕ್ಕಳೂ ಅದನ್ನೇ ಕೊಟ್ಟಿದ್ದರು. ಅಲ್ಲಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಬರೆದಿದಾರೆ. ಒಬ್ಬ ಹುಡುಗ ಊಟಕ್ಕೆ ಕರೆದರು ಅಂತ ಬಾಗಿಲು ತಳ್ಳಿದ, ಹಿಂದೆ ಇದ್ದ ಹದಿನೈದು ಬಟ್ಟಲು ಒಡೆದವು. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯೋಕೆ ಹೋಗಿ ಒಂದು ಬಟ್ಟಲು ಒಡೆದ. ಚಿಕ್ಕ ಮಕ್ಕಳಲ್ಲಿ ಎಷ್ಟೋ ಜನ ಹದಿನೈದು ಒಡೆದವನೇ ಹೆಚ್ಚು ತಪ್ಪಿತಸ್ಥ ಅಂದರು. ಉದ್ದೇಶ ನೋಡಿ ತೂಗೋದು ಒಂಬತ್ತು ಹತ್ತರ ಸುಮಾರಿಗೆ ಗಟ್ಟಿಯಾಗುತ್ತೆ ಅನ್ನೋದು ಪಿಯಾಜೆ ಲೆಕ್ಕ. ಆಮೇಲಿನವರು ಅದನ್ನ ತಿದ್ದಿದಾರೆ. ಕತೆಯನ್ನ ಸರಳ ಮಾಡಿ, ಚಿತ್ರ ತೋರಿಸಿ, ಉದ್ದೇಶವನ್ನ ಎದ್ದು ಕಾಣೋ ಹಾಗೆ ಹೇಳಿದರೆ ಮೂರು ವರ್ಷದವರೂ ಅದನ್ನ ಗಣನೆಗೆ ತಗೋತಾರೆ. ನೆಲದ ತುಂಬಾ ಹರಡಿದ ಹಿಟ್ಟಿನ ಮುಂದೆ ಉದ್ದೇಶ ಕಾಣೋದು ದೊಡ್ಡವರಿಗೂ ಕಷ್ಟ. ಆ ಕ್ಷಣ ನೀವು ಯಾರಿಗೆ ಜಾಸ್ತಿ ಬೈದಿರಿ ಅಂತ ಮಗಳು ನೋಡಿರುತ್ತಾಳೆ. ಬೈಗುಳದ ಸದ್ದು ಅಳೆದು ತಪ್ಪು ಅಳೆಯೋದು ಆ ವಯಸ್ಸಿನ ತಕ್ಕಡಿ. ಇಬ್ಬರ ಕೈಗೂ ಒಂದೊಂದು ಒರೆಸೋ ಬಟ್ಟೆ ಕೊಟ್ಟು, "ತಮ್ಮ ನೋಡಲಿಲ್ಲ, ಕಾಲು ತಗುಲಿತು. ಅಣ್ಣ ನೋಡ್ಕೊಂಡೇ ಸುರಿದ" ಅಂತ ಮೆಲ್ಲಗೆ ಹೇಳ್ತಾ ನೀವೂ ಒರೆಸಿ.

ದೇವರ ವಿಷಯ. ನಾನು ದೇವಸ್ಥಾನಕ್ಕೆ ಹೋಗೋವಳು, ಅದನ್ನ ಮೊದಲೇ ಹೇಳಿಬಿಡ್ತೀನಿ. ಬೇರೆಯವರನ್ನ ಹೊಡೆಯೋದು ತಪ್ಪು ಅನ್ನೋದಕ್ಕೆ ಮಕ್ಕಳಿಗೆ ಕಣ್ಣು ಚುಚ್ಚೋ ದೇವರು ಬೇಕಾಗಿಲ್ಲ. ಜುಡಿತ್ ಸ್ಮೆಟಾನಾ 1981ರಲ್ಲಿ ಎರಡೂವರೆ ವರ್ಷದಿಂದ ಮೇಲಿನ ಮಕ್ಕಳನ್ನ ಕೇಳಿ ನೋಡಿದಾರೆ. ಹೊಡೆಯೋದು, ಕಿತ್ಕೊಳ್ಳೋದು ಒಂದು ಬಗೆಯ ತಪ್ಪು, ಸಾಮಾನನ್ನ ಅದರ ಜಾಗದಲ್ಲಿ ಇಡದೆ ಇರೋದು ಇನ್ನೊಂದು ಬಗೆಯದು ಅಂತ ಅವರಿಗೇ ಗೊತ್ತು. ಮೊದಲನೇದು ಯಾವ ನಿಯಮ ಇಲ್ಲದಿದ್ದರೂ ತಪ್ಪೇ. ಲ್ಯಾರಿ ನುಚಿ ಅನ್ನೋರು ಅಮೆರಿಕದ ಆಮಿಶ್ ಅನ್ನೋ ಕ್ರೈಸ್ತ ಪಂಗಡದ ಮಕ್ಕಳನ್ನೇ ಕೇಳಿದರು, ಅವರಿಗಿಂತ ದೈವಭಕ್ತರು ಸಿಗೋದು ಕಷ್ಟ. ಭಾನುವಾರ ಕೆಲಸ ಮಾಡಬಾರದು ಅಂತ ದೇವರು ಹೇಳದೆ ಇದ್ದಿದ್ದರೆ ಮಾಡಬಹುದಿತ್ತು ಅಂದರು. ಕದಿಯಬೇಡ ಅಂತ ದೇವರು ಹೇಳದೆ ಇದ್ದಿದ್ದರೂ ಕದಿಯೋದು ತಪ್ಪೇ ಅಂದರು. ನಮ್ಮ ಕಡೆ ಈ ಗೆರೆ ಇಷ್ಟು ನೇರ ಬೀಳಲ್ಲ, ಅದೂ ನಿಜ. ಭುವನೇಶ್ವರದಲ್ಲಿ ರಿಚರ್ಡ್ ಶ್ವೇಡರ್ ಮತ್ತವರ ಜೊತೆಯವರು ಕೇಳಿದಾಗ (1987ರ ಪ್ರಕಟಣೆ), ತಂದೆ ಸತ್ತ ಮಾರನೇ ದಿನ ಹಿರಿಯ ಮಗ ಕ್ಷೌರ ಮಾಡಿಸಿ ಕೋಳಿ ತಿನ್ನೋದು ಅತಿ ದೊಡ್ಡ ತಪ್ಪುಗಳ ಸಾಲಿಗೆ ಬಂತು. ಮೈಸೂರಿನಲ್ಲಿ ಕೇಳಿದ್ದರೂ ಅದೇ ಬರ್ತಿತ್ತು. ಅತ್ತೆಯವರು ಮಡಿ, ಸೂತಕ, ಹಬ್ಬದ ನೇಮ ಕಲಿಸಲಿ, ಅದು ಅವರ ಹಕ್ಕು. ಮಗಳು ತಮ್ಮನನ್ನ ಚಿವುಟಿದಾಗ ಮಾತ್ರ ದೇವರ ಕಡೆ ಬೆರಳು ತೋರಿಸೋ ಬದಲು ತಮ್ಮನ ಮುಖ ತೋರಿಸಲಿ. "ನೋಡು, ಕೆಂಪಗಾಗಿದೆ, ನೋಯ್ತಿದೆ ಅವನಿಗೆ." ಮಾರ್ಟಿನ್ ಹಾಫ್‌ಮನ್ ಈ ಬಗೆಯ ತಿದ್ದುವಿಕೆ ಮೇಲೆ ವರ್ಷಗಟ್ಟಲೆ ಬರೆದಿದಾರೆ. ಹೆದರಿಕೆ ಹಾಕಿದರೆ ಮಗುವಿನ ಗಮನವೆಲ್ಲಾ ತನ್ನ ಕಣ್ಣಿನ ಮೇಲೇ ಇರುತ್ತೆ, ತಮ್ಮನ ಕೆನ್ನೆ ಮೇಲೆ ಹೋಗೋದಿಲ್ಲ.

ಯಜಮಾನರಿಗೆ ಹೇಳಿ, ಆ ಸರ್ಟಿಫಿಕೇಟ್ ಪ್ರಯೋಗದಲ್ಲಿ ಮೂರನೇ ಗುಂಪೊಂದಿತ್ತು. ಅವರಿಗೂ ಅದೇ ರಿಬ್ಬನ್ನು, ಅದೇ ಸರ್ಟಿಫಿಕೇಟು, ಆದರೆ ಮೊದಲೇ ಹೇಳಿರಲಿಲ್ಲ, ಬರೆದಾದ ಮೇಲೆ ಕೊಟ್ಟರು. ಆ ಮಕ್ಕಳ ಆಸಕ್ತಿ ಒಂಚೂರೂ ಕುಗ್ಗಲಿಲ್ಲ. ಹಾಗಾಗಿ ಐಸ್‌ಕ್ರೀಮ್ ಧಾರಾಳವಾಗಿ ಕೊಡಿಸಲಿ. ಯಾವ ದಿನ, ಯಾವುದಕ್ಕೆ ಅಂತ ಮಾತ್ರ ಹೇಳದೆ ಇರಲಿ. ಮನೆಯಲ್ಲಿ ಎಲ್ಲರಿಗೂ ತರಲಿ, ಅತ್ತೆಯವರಿಗೂ ಒಂದು ಕಪ್ಪು.